ಸುಣ್ಣ, ಉಕ್ಕು ಮತ್ತು ಗಾಳಿ

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿಯು ಬಯಲುಸೀಮೆಯ ಊರು. ಅಲ್ಲಿ ಮನೆಗೆ ತಾರಸಿ ಹಾಕಿದ ಮರುದಿನ ಮೇಸ್ತ್ರಿಯು ಅದರ ಮೇಲೆ ಸಣ್ಣ ಬದುಗಳನ್ನು ಕಟ್ಟಿ ನೀರು ನಿಲ್ಲಿಸುತ್ತಾನೆ. ಬಿಸಿಲಿನ ನಾಡಿನಲ್ಲಿ ನೀರನ್ನು ಹೀಗೆ ಸುರಿಯುವುದೇಕೆಂದು ನೋಡುವವರಿಗೆ ಅನ್ನಿಸಬಹುದು. ಮನೆಯ ಆಯುಷ್ಯವು ಬಹುಮಟ್ಟಿಗೆ ಈ ನೀರನ್ನೇ ಅವಲಂಬಿಸಿದೆ.

ಅದೇ ಜಿಲ್ಲೆಯ ಹಂಪಿಯಲ್ಲಿ ಕಮಲ ಮಹಲಿನ ಸುಣ್ಣದ ಗಾರೆಯು ಶತಮಾನಗಳನ್ನು ಕಂಡಿದೆ. ಸುಣ್ಣದ ಕಲ್ಲನ್ನು ಸುಟ್ಟಾಗ ಅದರಲ್ಲಿನ ಇಂಗಾಲದ ಡೈ ಆಕ್ಸೈಡು ಹೊರಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ಮರಳು ಬೆರೆಸಿ ಗೋಡೆಗೆ ಬಳಿದರೆ, ಅದು ಅದೇ ಅನಿಲವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹೀರಿ ಮತ್ತೆ ಕಲ್ಲಿನಂತಾಗುತ್ತದೆ. ಗಾರೆಗೆ ಈ ಅನಿಲವು ಮಿತ್ರ.

ಇಂದಿನ ತಾರಸಿಯ ಸ್ಥಿತಿ ಬೇರೆ. ಅದರ ಕಾಂಕ್ರೀಟಿನೊಳಗೆ ಉಕ್ಕಿನ ಸರಳುಗಳಿವೆ. ಸಿಮೆಂಟು ನೀರಿನೊಡನೆ ಸೇರಿದಾಗ ಸುಣ್ಣವೂ ಹುಟ್ಟಿ, ಕಾಂಕ್ರೀಟು ತೀವ್ರ ಕ್ಷಾರಗುಣವನ್ನು ಪಡೆಯುತ್ತದೆ. ಅದರ ಪಿ.ಎಚ್. ಮೌಲ್ಯವು ಸುಮಾರು 12.5ರಿಂದ 13ರವರೆಗೆ ಇರುತ್ತದೆ. ಈ ಕ್ಷಾರದಲ್ಲಿ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ತೆಳುಪೊರೆಯೊಂದು ಮೂಡಿ, ಅದನ್ನು ತುಕ್ಕಿನಿಂದ ಕಾಪಾಡುತ್ತದೆ. ಆದರೆ ವರ್ಷಗಳು ಕಳೆದಂತೆ ಇಂಗಾಲದ ಡೈ ಆಕ್ಸೈಡು ಸೂಕ್ಷ್ಮ ರಂಧ್ರಗಳ ಮೂಲಕ ಒಳನುಗ್ಗಿ ಸುಣ್ಣದೊಡನೆ ಕೂಡುತ್ತದೆ. ಪಿ.ಎಚ್. ಮೌಲ್ಯವು 9ಕ್ಕಿಂತ ಕೆಳಗಿಳಿದರೆ ಪೊರೆಯು ಅಳಿಯುತ್ತದೆ. ಆಗ ತೇವ ಮತ್ತು ಆಮ್ಲಜನಕ ದೊರೆತರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಉಕ್ಕಿಗಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಕಾಂಕ್ರೀಟು ಬಿರಿದು, ಚೂರುಚೂರಾಗಿ ಉದುರುತ್ತದೆ. ಗಾರೆಯ ಮಿತ್ರನು ಉಕ್ಕಿಗೆ ಶತ್ರುವಾಗುವುದು ಹೀಗೆ.

ಈ ಅನಿಲವನ್ನೇ ಕಾಂಕ್ರೀಟಿನ ಹಿತಕ್ಕೆ ಬಳಸುವ ವಿಧಾನವೂ ಇದೆ. ಅಚ್ಚು ಹಾಕಿದ ಹೊಸದರಲ್ಲಿಯೇ ಕಾಂಕ್ರೀಟನ್ನು ಮುಚ್ಚಿದ ಕೋಣೆಯಲ್ಲಿಟ್ಟು ಇಂಗಾಲದ ಡೈ ಆಕ್ಸೈಡನ್ನು ಹಾಯಿಸುತ್ತಾರೆ. ಅನಿಲವು ಸಿಮೆಂಟಿನೊಡನೆ ಕೂಡಿ, ಮೇಲ್ಪದರದ ರಂಧ್ರಗಳನ್ನು ತುಂಬುತ್ತದೆ. ಕಾಂಕ್ರೀಟು ಬೇಗನೆ ಗಟ್ಟಿಯಾಗುತ್ತದೆ. ಸರಳುಗಳಿಲ್ಲದ ಕಾಂಕ್ರೀಟು ಇಟ್ಟಿಗೆಗಳಿಗೆ ಇದು ಸುಲಭವಾಗಿ ಒಪ್ಪುತ್ತದೆ. ಸರಳುಗಳಿದ್ದಲ್ಲಿ ಅನಿಲದ ಪ್ರಮಾಣವನ್ನು ಮಿತಿಯಲ್ಲಿಟ್ಟು, ಬಳಿಕ ನೀರುಣಿಸಬೇಕು. ಆಗ ಉಳಿದ ಸಿಮೆಂಟು ನೀರಿನೊಡನೆ ಸೇರಿ, ಕುಗ್ಗಿದ ಕ್ಷಾರಗುಣವು ಬಹುಮಟ್ಟಿಗೆ ಮರಳುತ್ತದೆ. ಮೇಲ್ಪದರವು ಬಿಗಿಯಾದುದರಿಂದ ತುಕ್ಕಿಗೆ ಕಾರಣವಾಗುವ ಲವಣಗಳು ಒಳಹೋಗುವುದೂ ಕಷ್ಟವಾಗುತ್ತದೆ.

ಈ ವಿಧಾನಕ್ಕೆ ಕಾರ್ಖಾನೆ ಬೇಕು. ಹಳ್ಳಿಯ ಮೇಸ್ತ್ರಿಗೆ ನೀರೇ ಸಾಧನ. 2000ದ ಭಾರತೀಯ ಮಾನಕ 456ರ ಪ್ರಕಾರ ಸಾಮಾನ್ಯ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಒಣ ಬಿಸಿಲಿನ ಹವೆಯಲ್ಲಿ ಕನಿಷ್ಠ 10 ದಿನ ತೇವವಾಗಿಡಬೇಕು. ಅದಕ್ಕೆ ಮೊದಲೇ ನೀರು ಒಣಗಿದರೆ ರಂಧ್ರಗಳು ತೆರೆದುಳಿದು ಗಾಳಿಗೆ ದಾರಿಯಾಗುತ್ತವೆ. ಸರಳಿನ ಮೇಲೆ ಸಾಕಷ್ಟು ದಪ್ಪದ ಕಾಂಕ್ರೀಟು ಹೊದಿಕೆಯೂ ಇರಬೇಕು.

ಹತ್ತು ದಿನ ಬೇಸರಿಸದೆ ಹೊತ್ತ ನೀರು ಕಣ್ಣಿಗೆ ಕಾಣದಂತೆ ಆರಿಹೋಗುತ್ತದೆ. ಆದರೆ ಆ ತಾರಸಿಯ ಕೆಳಗೆ ಮಕ್ಕಳು, ಮೊಮ್ಮಕ್ಕಳು ನಿರ್ಭಯವಾಗಿ ಮಲಗುತ್ತಾರೆ.