ಚರಂಡಿಯ ಕೊನೆಯಲ್ಲಿ ಏನಿರಬೇಕು? ಮಳೆನೀರಿನ ಶುದ್ಧೀಕರಣ ಮತ್ತು ನಿಗಾ: ಗ್ರಾಮ ಪಂಚಾಯತ್ ಸದಸ್ಯರಿಗೆ ಅಧ್ಯಯನ ಪಾಠ

ಸಕಲೇಶಪುರದಿಂದ ಇಳಿದುಬರುವ ಸುಮಾರು 55 ಕಿ.ಮೀ. ಉದ್ದದ ಘಾಟಿ ರೈಲು ಮಾರ್ಗವು ಮುಗಿಯುವುದು ನೆಟ್ಟಣದಲ್ಲಿ. ‘ಸುಬ್ರಹ್ಮಣ್ಯ ರೋಡ್’ ಎಂಬ ಹೆಸರಿನ ಇಲ್ಲಿಯ ನಿಲ್ದಾಣದಲ್ಲಿ ಇಳಿದ ಯಾತ್ರಿಕರು ಕುಕ್ಕೆಗೆ ಬಸ್ಸನ್ನೋ ಬಾಡಿಗೆ ವಾಹನವನ್ನೋ ಹಿಡಿಯುತ್ತಾರೆ. ಒಂದು ಕಡೆ ವಾಹನಗಳು ನಿಲ್ಲುವ ಅಂಗಳ, ಹೋಟೆಲು, ಅಂಗಡಿ. ಇನ್ನೊಂದು ಕಡೆ ಅಡಿಕೆ ತೋಟ, ರಬ್ಬರ್ ಗುಡ್ಡ, ತೋಡು. ಈ ಸೀಮೆಯ ತೋಡುಗಳ ನೀರು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ, ತುಂಬೆಯ ಕಿಂಡಿ ಅಣೆಕಟ್ಟಿನ ಮೂಲಕ ಮಂಗಳೂರಿನ ನಲ್ಲಿಗಳನ್ನು ತಲಪುತ್ತದೆ. ಆದರೆ ಮಳೆಯೊಡನೆ ಕೊಚ್ಚಿಹೋದ ಮಣ್ಣು, ಎಣ್ಣೆ, ಕೊಳಚೆಗಳು ಮೊದಲು ಬಾಧಿಸುವುದು ದೂರದ ನಗರವನ್ನಲ್ಲ, ತೋಡಿನ ಬದಿಯ ಮನೆಯ ಬಾವಿಯನ್ನು.

ಗ್ರಾಮಸಭೆಗಳಲ್ಲಿ ಚರಂಡಿಯ ಬೇಡಿಕೆ ಬಂದಾಗ ಚರ್ಚೆಯಾಗುವುದು ಅದರ ಉದ್ದ ಮತ್ತು ಅಗಲ ಮಾತ್ರ. ಅಂದಾಜುಪಟ್ಟಿಯ ಕೊನೆಯಲ್ಲಿ ‘ತೋಡಿಗೆ ಸೇರಿಸುವುದು’ ಎಂದು ಬರೆದರೆ ಕಾಮಗಾರಿ ಪೂರ್ಣವಾಯಿತೆಂಬ ಭಾವನೆ ಇದೆ. ಕಾಂಕ್ರೀಟ್ ಚರಂಡಿಯು ನೀರನ್ನು ಸಾಗಿಸುತ್ತದೆ, ಶುದ್ಧಗೊಳಿಸುವುದಿಲ್ಲ. ಹಳೆಯ ಮಣ್ಣಿನ ಕಣಿಯಲ್ಲಿ ಅಲ್ಲಲ್ಲಿ ತಂಗುತ್ತಿದ್ದ ಹೂಳು ಸಹ ನುಣುಪಾದ ತಳದಲ್ಲಿ ನಿಲ್ಲದೆ ನೇರವಾಗಿ ತೋಡಿಗೆ ಬೀಳುತ್ತದೆ. ಆದುದರಿಂದ ಚರಂಡಿಯನ್ನು ಮಂಜೂರು ಮಾಡುವ ಸಭೆಯು ಅದರ ಕೊನೆಯಲ್ಲಿ ನೀರನ್ನು ನಿಧಾನಗೊಳಿಸುವ ವ್ಯವಸ್ಥೆಯನ್ನೂ ಸೇರಿಸಿಯೇ ಮಂಜೂರು ಮಾಡುವುದು ಉಚಿತ.

ಲೆಕ್ಕ ಕಠಿಣವಲ್ಲ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನೆಟ್ಟಣದಂಥ ಪೇಟೆಯಲ್ಲಿ 1,000 ಚದರ ಮೀಟರಿನ ಡಾಮರು ಅಂಗಳವಿದ್ದು, ಗಂಟೆಗೆ 50 ಮಿ.ಮೀ. ವೇಗದಲ್ಲಿ ಮಳೆ ಸುರಿದರೆ (ಘಟ್ಟದ ಬುಡದ ಈ ಭಾಗದಲ್ಲಿ ಇದು ಅಪರೂಪವೇನಲ್ಲ) ಅದರ ಶೇ. 90 ಭಾಗ ಹರಿದುಬರುತ್ತದೆಂದು ಹಿಡಿದಾಗ ಸೆಕೆಂಡಿಗೆ 12.5 ಲೀಟರ್ ನೀರು ಚರಂಡಿಗೆ ಇಳಿಯುತ್ತದೆ.

ಈ ನೀರಿನಲ್ಲಿರುವ ಕಣಗಳೆಲ್ಲ ಒಂದೇ ರೀತಿ ತಳ ಸೇರುವುದಿಲ್ಲ. 0.1 ಮಿ.ಮೀ. ಗಾತ್ರದ ಮರಳು ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. 0.01 ಮಿ.ಮೀ. ಗಾತ್ರದ ನಯವಾದ ಮಣ್ಣಿಗೆ 3 ಗಂಟೆಗೂ ಹೆಚ್ಚು ಬೇಕು. ಜೇಡಿಯ ಅತಿಸೂಕ್ಷ್ಮ ಕಣವು ದಿನಗಟ್ಟಲೆ ತೇಲಿಕೊಂಡೇ ಇರುತ್ತದೆ. ಮೇಲೆ ಹೇಳಿದ ಹರಿವಿನಲ್ಲಿ ಮರಳನ್ನು ಹಿಡಿಯಲು ಲೆಕ್ಕದ ಪ್ರಕಾರ 1.6 ಚದರ ಮೀಟರ್ ಮೇಲ್ಮೈಯ ತೊಟ್ಟಿ ಸಾಕಾದರೂ, ನೀರಿನ ಸುಳಿಯನ್ನು ಗಣಿಸಿ 5 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಆಳದ ಹೂಳುತೊಟ್ಟಿಯನ್ನು ಕಟ್ಟುವುದು ಕ್ಷೇಮ. ಹೂಳು ತುಂಬುವ ಜಾಗಕ್ಕಾಗಿ ಅದರ ಕೆಳಗೆ ಇನ್ನೂ ಅರ್ಧ ಮೀಟರ್ ಬೇಕು. ಮಳೆ ವಿಪರೀತವಾದಾಗ ಹೆಚ್ಚುವರಿ ನೀರು ಬದಿಯಿಂದ ಹೋಗಲು ದಾರಿ ಇಡದಿದ್ದರೆ, ತೊಟ್ಟಿಯಲ್ಲಿ ತಂಗಿದ ಹೂಳೆಲ್ಲ ಒಂದೇ ರಾತ್ರಿಯಲ್ಲಿ ಎದ್ದುಹೋಗುವುದು.

ನಯವಾದ ಮಣ್ಣಿಗೆ ತೊಟ್ಟಿಗಿಂತ ಹುಲ್ಲುಗಾಲುವೆ ಮೇಲು, ವೆಚ್ಚವೂ ಕಡಿಮೆ. 60 ಸೆಂ.ಮೀ. ತಳದ, 30 ಮೀಟರ್ ಉದ್ದದ ಕಾಲುವೆಯಲ್ಲಿ ಅದೇ ನೀರು 10 ಸೆಂ.ಮೀ. ಆಳದಲ್ಲಿ ಹರಿದರೆ ಅದರ ವೇಗ ಸೆಕೆಂಡಿಗೆ ಸುಮಾರು 20 ಸೆಂ.ಮೀ.; ದಾಟಲು ಎರಡೂವರೆ ನಿಮಿಷ. ಅಷ್ಟರಲ್ಲಿ 0.03 ಮಿ.ಮೀ.ನ ಕಣವೂ ಹುಲ್ಲಿನ ಬುಡಕ್ಕೆ ಇಳಿಯುತ್ತದೆ. ಇಳಿಜಾರು ನೂರು ಮೀಟರಿಗೆ ಮೂರು ಮೀಟರನ್ನು ಮೀರಬಾರದು. ಮೀರುವಲ್ಲಿ ಅಡ್ಡಲಾಗಿ ಕಾಡುಕಲ್ಲಿನ ಸಣ್ಣ ತಡೆಗಳನ್ನು ಇಡಬೇಕು. ಹುಲ್ಲನ್ನು ಬುಡಸಹಿತ ಕೆತ್ತಿ ‘ಸ್ವಚ್ಛ’ಗೊಳಿಸುವ ಉತ್ಸಾಹವನ್ನು ಇಲ್ಲಿ ಬಿಡಬೇಕಾಗುತ್ತದೆ.

ಇಂಗುಗುಂಡಿಯ ವಿಷಯದಲ್ಲಿ ಎಚ್ಚರ ಅಗತ್ಯ. ಮುರಕಲ್ಲಿನ ನೆಲವು ನೀರನ್ನು ಬೇಗನೆ ಹೀರುತ್ತದೆ. ಆದರೆ ಅದರ ಬಿಲ, ಬಿರುಕುಗಳು ನೀರನ್ನು ಸೋಸುವುದಿಲ್ಲ. ಮಾಡಿನಿಂದ ಬಿದ್ದ ಶುಚಿ ನೀರನ್ನು ಇಂಗಿಸಬಹುದು. ವಾಹನದ ಅಂಗಳದ ಅಥವಾ ಹೋಟೆಲಿನ ಹಿಂಬದಿಯ ನೀರನ್ನು ಬಾವಿಯ ಸಮೀಪ ಇಂಗಿಸುವುದೆಂದರೆ ಕೊಳೆಯನ್ನು ಬಾವಿಗೆ ಬಿಟ್ಟಂತೆಯೇ. ಬಾವಿಯಿಂದ ಕನಿಷ್ಠ 15 ಮೀಟರ್ ಎಂಬ ರೂಢಿಯ ಅಂತರವು ಇಂಥ ನೆಲದಲ್ಲಿ ಸಾಲದು. ಬಚ್ಚಲು ನೀರಿನ ಕೊಳವೆಯನ್ನು ಮಳೆನೀರು ಚರಂಡಿಗೆ ಜೋಡಿಸಿದಲ್ಲಿ ತೊಟ್ಟಿಯಾಗಲಿ ಹುಲ್ಲಾಗಲಿ ಪ್ರಯೋಜನಕ್ಕೆ ಬಾರದು. ಮೊದಲು ಆ ಜೋಡಣೆಯನ್ನು ಬೇರ್ಪಡಿಸಬೇಕು.

ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕಿ.ಗ್ರಾಂ ಮೈಲುತುತ್ತು ಇರುತ್ತದೆ. ಸಿಂಪಡಣೆಯನ್ನು ಬೇಡವೆನ್ನಲಾಗದು. ಆದರೆ ಡ್ರಮ್ಮು, ಪಂಪುಗಳನ್ನು ತೋಡಿನಲ್ಲಿಯೇ ತೊಳೆದರೆ ಆ ತಾಮ್ರವು ಮೀನಿಗೂ ನೀರಿನ ಸಣ್ಣ ಜೀವಿಗಳಿಗೂ ವಿಷ. ತೊಳೆದ ನೀರನ್ನು ತೋಟದೊಳಗೇ ಚೆಲ್ಲುವಂತೆ ಸದಸ್ಯರು ತಮ್ಮ ವಾರ್ಡಿನಲ್ಲಿ ಹೇಳಬಹುದು.

ಇನ್ನು ನಿಗಾ. ಜೂನ್ ತಿಂಗಳಲ್ಲಿ ತೋಡು ತಾನಾಗಿಯೇ ಕೆಂಪಾಗಿರುತ್ತದೆ. ಒಂದು ಬಾಟಲಿ ನೀರನ್ನು ನೋಡಿ ಯಾವ ತೀರ್ಮಾನಕ್ಕೂ ಬರಲಾಗದು. ಚರಂಡಿಯ ಬಾಯಿ, ಅದಕ್ಕಿಂತ ಮೇಲಿನ ತೋಡು, ಕೆಳಗಿನ ತೋಡು ಎಂಬ ಮೂರು ಕಡೆ ಒಂದೇ ಹೊತ್ತಿನಲ್ಲಿ ನೀರು ತೆಗೆಯಬೇಕು. ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ವ್ಯತ್ಯಾಸವೇ ಚರಂಡಿಯ ಕೊಡುಗೆ. ಒಂದೇ ಅಳತೆಯ ಬಾಟಲಿಗಳನ್ನು ರಾತ್ರಿಯಿಡೀ ಅಲುಗಿಸದೆ ಇಟ್ಟು, ಬೆಳಗ್ಗೆ ತಳದ ಹೂಳನ್ನು ಸ್ಕೇಲಿನಿಂದ ಅಳೆದು ಬರೆದಿಡುವುದು ಯಾರಿಗೂ ಸಾಧ್ಯ. ಮೊದಲ ದೊಡ್ಡ ಮಳೆಯ ದಿನ ತೆಗೆದ ನೀರು ಅತ್ಯಂತ ಮುಖ್ಯವಾದುದು, ಏಕೆಂದರೆ ಬೇಸಿಗೆಯಿಡೀ ಶೇಖರವಾದ ಕೊಳೆಯು ಅಂದೇ ಇಳಿಯುತ್ತದೆ. ಮತ್ತೆ ಜುಲೈಯಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ.

ಬಾವಿಗಳಿಗೆ ಜಲ ಜೀವನ್ ಮಿಷನ್ ಅಡಿಯ ಪರೀಕ್ಷಾ ಕಿಟ್ ಇದೆ. ಅದನ್ನು ಬಳಸಲು ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ತರಬೇತಿ ನೀಡುವ ವ್ಯವಸ್ಥೆಯೂ ಇದೆ. ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಕಲಕುತನ 1 ಎನ್‌ಟಿಯು ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದಲ್ಲಿ 5ರ ವರೆಗೆ ಒಪ್ಪಬಹುದು. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಯ ನೀರು 24ರಿಂದ 48 ಗಂಟೆಗಳಲ್ಲಿ ಕಪ್ಪಾದರೆ ಆ ಮನೆಯವರಿಗೆ ಅಂದೇ ತಿಳಿಸಿ, ಕುದಿಸಿ ಕುಡಿಯಲು ಹೇಳಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ತಾಮ್ರದ ಸಂಶಯವಿದ್ದಲ್ಲಿಯೂ ಪ್ರಯೋಗಾಲಯವೇ ಗತಿ.

ಹೂಳುತೊಟ್ಟಿಯನ್ನು ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲದ ನಡುವೆ ಮೂರನೇ ಒಂದು ಭಾಗ ತುಂಬಿದಾಗಲೆಲ್ಲ ಬರಿದು ಮಾಡುವ ವೆಚ್ಚವನ್ನು ವಾರ್ಷಿಕ ಕ್ರಿಯಾಯೋಜನೆಯಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ತೆಗೆದ ಹೂಳನ್ನು ಚರಂಡಿಯ ದಂಡೆಯಲ್ಲಿ ರಾಶಿ ಹಾಕಿದರೆ ಮುಂದಿನ ಮಳೆಗೆ ಅದು ಮರಳಿ ತೊಟ್ಟಿಗೇ ಬರುತ್ತದೆ. ಸಾಗಿಸುವ ಸ್ಥಳವನ್ನು ಕಾರ್ಯಾದೇಶದಲ್ಲಿಯೇ ನಮೂದಿಸತಕ್ಕದ್ದು.