ರೋಗನಿರೋಧಕ ಕೋಶಗಳ ಚಯಾಪಚಯ: ಕಣದಂಗಗಳ ಜೊತೆಗೆಲಸ

1. ವಿಶ್ರಾಂತ ಟಿ-ಕೋಶ: ಶಕ್ತಿ ಮುಖ್ಯವಾಗಿ ಮೈಟೋಕಾಂಡ್ರಿಯಾದಿಂದ. ಸಕ್ರಿಯವಾದಾಗ ಆಮ್ಲಜನಕ ಇದ್ದರೂ ಗ್ಲೈಕಾಲಿಸಿಸ್ ಜೋರು (ವಾರ್ಬರ್ಗ್ ಪರಿಣಾಮ).
ಗೊಂದಲ ಬೇಡ: ಗ್ಲೈಕಾಲಿಸಿಸ್ ನಡೆಯುವುದು ಕೋಶದ್ರವದಲ್ಲಿ, ನಿವ್ವಳ 2 ಎಟಿಪಿ, ಕ್ರೆಬ್ಸ್ ಚಕ್ರ ಮೈಟೋಕಾಂಡ್ರಿಯಾದೊಳಗೆ.

2. ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್)–ಮೈಟೋಕಾಂಡ್ರಿಯಾ ಸಂಪರ್ಕ ತಾಣ: ಪೊರೆಗಳು ಹತ್ತಿರ ಬರುತ್ತವೆ, ಬೆಸೆಯುವುದಿಲ್ಲ. ಕ್ಯಾಲ್ಸಿಯಂ, ಲಿಪಿಡ್ ದಾಟುವುದು ಇಲ್ಲೇ. ನೆನಪಿಗೆ ಇಳಕಲ್ ಸೀರೆ: ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ, ಕೊಂಡಿ ಹಾಕಿ ಕೂಡಿಸುತ್ತಾರೆ. ಬಾದಾಮಿ, ಹುನಗುಂದದ ಅಭ್ಯರ್ಥಿಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

3. ಇಫೆಕ್ಟರ್ ಟಿ: ಮೈಟೋಕಾಂಡ್ರಿಯಾ ಬಿಡಿಬಿಡಿ. ಮೆಮೊರಿ ಟಿ: ಬೆಸೆದ ಜಾಲ. ಅದಲುಬದಲಾಗಿ ಬರೆಯುವವರೇ ಹೆಚ್ಚು.

4. ಲೈಸೋಸೋಮ್: ‘ಆತ್ಮಹತ್ಯಾ ಸಂಚಿ’ ಎಂದಷ್ಟೇ ಬರೆದರೆ ಅರ್ಧ ಉತ್ತರ. ಪೋಷಕಾಂಶ ಸಾಕಷ್ಟಿದ್ದಾಗ ಅದರ ಪೊರೆಯ ಮೇಲೆ ಎಂಟಾರ್‌ಸಿ1 ಎಂಬ ಪ್ರೋಟೀನ್ ಸಂಕೀರ್ಣ ಚುರುಕಾಗಿ, ಕೋಶ ಬೆಳೆಯಬೇಕೆಂಬ ಸಂಕೇತ ಕೊಡುತ್ತದೆ. ಲೈಸೋಸೋಮಿಗೆ ಹೆಸರಿಟ್ಟವರು ಕ್ರಿಶ್ಚಿಯನ್ ಡಿ ಡುವ್ (1955), ನೊಬೆಲ್ 1974.

5. ಕರ್ನಾಟಕದ ಕೊಡುಗೆ (ಬಿಡಲೇಬೇಡಿ): ಬೆಂಗಳೂರಿನ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್, 2016, ಅಪೂರ್ವಾ ಸರಿನ್ ತಂಡ. ಇಲಿಯ ಟಿ-ರೆಗ್ (ನಿಯಂತ್ರಕ ಟಿ) ಕೋಶಗಳಲ್ಲಿ ನಾಚ್ ಸಂಕೇತವು ಕೋಶಕೇಂದ್ರದ ಹೊರಗೇ ಕೆಲಸ ಮಾಡಿ ಆಟೋಫ್ಯಾಜಿಯನ್ನು (ಸ್ವಭಕ್ಷಣೆ) ಚಾಲೂ ಮಾಡುತ್ತದೆ. ಮೈಟೋಕಾಂಡ್ರಿಯಾದ ವಿನ್ಯಾಸ, ಕೋಶದ ಉಳಿವು ಎರಡೂ ಅದರ ಹಿಡಿತದಲ್ಲಿ.
ಅದೇ ವರ್ಷ ಆಟೋಫ್ಯಾಜಿಗೆ ನೊಬೆಲ್: ಯೋಶಿನೋರಿ ಒಸುಮಿ, ಜಪಾನ್.