ಕಡಲಲ್ಲಿ ಒಂದು ದಿನ: ಚೀಲದ ಜೊತೆ ದೇಹವೂ ಸಿದ್ಧವಾಗಲಿ

ಹಿಂದೆಲ್ಲ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮನೆಗಳಲ್ಲಿ ರಜೆಯ ಪ್ರವಾಸವೆಂದರೆ ಗೋಕಾಕ ಫಾಲ್ಸ್, ಗೊಡಚಿನಮಲ್ಕಿ ಇಲ್ಲವೇ ಹಿಡಕಲ್ ಡ್ಯಾಮ್. ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರುತ್ತಿದ್ದೆವು. ಈಗ ಹಾಗಿಲ್ಲ. ಮಕ್ಕಳು ಮೊಬೈಲಿನಲ್ಲಿ ನೀಲಿ ನೀರು, ಬಣ್ಣದ ಮೀನು ನೋಡುತ್ತಾರೆ. "ಅಬ್ಬಾ, ಮುರುಡೇಶ್ವರಕ್ಕೆ ಹೋಗೋಣ, ನೇತ್ರಾಣಿಯಲ್ಲಿ ಸ್ನಾರ್ಕೆಲಿಂಗ್ ಮಾಡೋಣ" ಎಂದು ಹಟ ಹಿಡಿಯುತ್ತಾರೆ. ಹೋಗಿ ಬನ್ನಿ. ಅಲ್ಲಾಹನ ಸೃಷ್ಟಿಯನ್ನು ನೋಡುವುದು ಒಳ್ಳೆಯದೇ. ಆದರೆ ಮಸಗುಪ್ಪಿಯ ಹೊಳೆ ಬೇರೆ, ಅರಬ್ಬಿ ಸಮುದ್ರ ಬೇರೆ. ಪ್ರವಾಸದ ನಂತರ ವಾಂತಿ, ಸುಟ್ಟ ಚರ್ಮ, ಕಿವಿನೋವು, ಉರಿಮೂತ್ರ ಎಂದು ದವಾಖಾನೆಗೆ ಬರುವವರನ್ನು ಕಂಡಾಗಲೆಲ್ಲ ಹೋಗುವ ಮೊದಲೇ ಈ ಮಾತುಗಳನ್ನು ಹೇಳಬೇಕಿತ್ತು ಎನಿಸುತ್ತದೆ. ಈ ಸಂಚಿಕೆಯ ಪಾಠ ಅದೇ.

ನೇತ್ರಾಣಿ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲೂಕಿನಲ್ಲಿ, ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದ ದ್ವೀಪ. ದೋಣಿಯಲ್ಲಿ ಒಂದು, ಒಂದೂವರೆ ತಾಸಿನ ದಾರಿ. ಅದರ ಸುತ್ತಲಿನ ನೀರಿನಲ್ಲಿ ಹವಳವೂ ಮೀನೂ ಹೇರಳ. ಮಳೆಗಾಲದಲ್ಲಿ ಕಡಲು ಕೆರಳಿರುತ್ತದೆ. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ವರೆಗಿನ ತಿಂಗಳುಗಳಲ್ಲಿ ಪ್ರವಾಸಿಗರನ್ನು ಕರೆದೊಯ್ಯುತ್ತಾರೆ. ಗಾಳಿಮುಖವಾಡ ಮತ್ತು ಕೊಳವೆ ತೊಟ್ಟು ನೀರಿನ ಮೇಲೆಯೇ ಬೋರಲಾಗಿ ತೇಲುತ್ತ ಕೆಳಗೆ ನೋಡುವುದು ಸ್ನಾರ್ಕೆಲಿಂಗ್. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವುದು ಸ್ಕೂಬಾ. ಎರಡೂ ಒಂದೇ ಅಲ್ಲ. ಇಲ್ಲಿ ಹೇಳುವುದು ಮುಖ್ಯವಾಗಿ ಮೊದಲನೆಯದರ ಬಗ್ಗೆ.

ಆರು ವಿಷಯಗಳು, ಒಂದೇ ದಿನ

ಆರೋಗ್ಯಕ್ಕೆ ಆರು ವಿಷಯಗಳು ಅನಿವಾರ್ಯ ಎನ್ನುತ್ತದೆ ಯುನಾನಿ ವೈದ್ಯಶಾಸ್ತ್ರ. ಇವಕ್ಕೆ 'ಅಸ್ಬಾಬೆ ಸಿತ್ತಾ ಝರೂರಿಯ್ಯಾ' ಎಂದು ಹೆಸರು. ಗಾಳಿ, ಅನ್ನಪಾನ, ದೇಹದ ಶ್ರಮ ಮತ್ತು ವಿಶ್ರಾಂತಿ, ಮನಸ್ಸಿನ ಉದ್ವೇಗ ಮತ್ತು ಶಾಂತಿ, ನಿದ್ರೆ ಮತ್ತು ಎಚ್ಚರ, ದೇಹ ಹೊರಹಾಕುವುದು ಮತ್ತು ಹಿಡಿದಿಟ್ಟುಕೊಳ್ಳುವುದು. ಇವುಗಳಲ್ಲಿ ಒಂದು ಏರುಪೇರಾದರೆ ದೇಹ ಹೇಗೋ ತಡೆದುಕೊಳ್ಳುತ್ತದೆ. ಕಡಲ ಪ್ರವಾಸದಲ್ಲಿ ಆರೂ ಒಂದೇ ದಿನ ಏರುಪೇರಾಗುತ್ತವೆ. ರಾತ್ರಿಯಿಡೀ ಗಾಡಿಯಲ್ಲಿ ಕುಳಿತು ನಿದ್ರೆ ಕೆಡುತ್ತದೆ. ಬೆಳಿಗ್ಗೆ ಸಿಕ್ಕಿದ್ದನ್ನು ತಿನ್ನುತ್ತೇವೆ. ಉಪ್ಪುಗಾಳಿ, ಬಿಸಿಲು, ಅಲೆಯ ಓಲಾಟ, ಹೆದರಿಕೆ, ಉತ್ಸಾಹ ಎಲ್ಲ ಒಟ್ಟಿಗೆ ಬರುತ್ತವೆ. ದೋಣಿಯಲ್ಲಿ ಶೌಚಾಲಯವಿಲ್ಲವೆಂದು ಮೂತ್ರ ತಡೆಯುತ್ತೇವೆ. ಆದ್ದರಿಂದ ಮೊದಲ ಸಲಹೆ: ತಲುಪಿದ ದಿನವೇ ದೋಣಿ ಹತ್ತಬೇಡಿ. ಯಲ್ಲಾಪುರ ದಾಟಿ ಅರಬೈಲ್ ಘಾಟಿಯ ತಿರುವುಗಳನ್ನು ಇಳಿದು ಬಂದ ದೇಹಕ್ಕೆ ಒಂದು ರಾತ್ರಿ ನಿದ್ರೆ ಕೊಡಿ. ಮರುದಿನ ಬೆಳಿಗ್ಗೆ ಹೋಗಿ.

ಯಾರು ನೀರಿಗಿಳಿಯಬಾರದು?

ಹೃದಯದ ಕಾಯಿಲೆ, ಹಿಡಿತಕ್ಕೆ ಬಾರದ ರಕ್ತದೊತ್ತಡ, ಮೂರ್ಛೆರೋಗ, ಆಗಾಗ ಕೆರಳುವ ಅಸ್ತಮಾ ಇರುವವರು ತಮ್ಮ ವೈದ್ಯರನ್ನು ಕೇಳದೆ ಸ್ನಾರ್ಕೆಲಿಂಗ್‌ಗೆ ಇಳಿಯಬಾರದು. ಕೊಳವೆಯ ಮೂಲಕ ಉಸಿರಾಡುವುದು, ತಣ್ಣೀರು, ಗಾಬರಿ ಮೂರೂ ಸೇರಿ ಹೃದಯದ ಮೇಲೆ ಭಾರ ಬೀಳುತ್ತದೆ. ಐವತ್ತು ದಾಟಿ ವರ್ಷಗಟ್ಟಲೆ ವ್ಯಾಯಾಮವಿಲ್ಲದವರಿಗೂ ಇದೇ ಮಾತು. ಗರ್ಭಿಣಿಯರಿಗೆ ಸ್ಕೂಬಾ ಬೇಡವೇ ಬೇಡ. ಓಲಾಡುವ ದೋಣಿಯೂ ಅವರಿಗೆ ಒಳ್ಳೆಯದಲ್ಲ. ನೆಗಡಿ, ಕಿವಿ ಸೋರುವಿಕೆ, ಕಿವಿಯ ಪರದೆಯಲ್ಲಿ ತೂತು ಇದ್ದವರು ನೀರೊಳಗೆ ತಲೆ ಮುಳುಗಿಸಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಆ ದಿನದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಂಡು, ಕೈಯಲ್ಲಿ ಸಕ್ಕರೆ ಇಟ್ಟುಕೊಂಡೇ ಹೊರಡಬೇಕು. ಇಳಿಯಲಾಗದವರು ಬೇಸರಪಡಬೇಕಿಲ್ಲ. ದಡದಲ್ಲಿ ಕುಳಿತು ಮಕ್ಕಳ ಮೇಲೆ ಕಣ್ಣಿಡುವವರೂ ಬೇಕು. ಅದೆಷ್ಟು ದೊಡ್ಡ ಕೆಲಸ ಎಂಬುದನ್ನು ಮುಂದೆ ಹೇಳುತ್ತೇನೆ.

ದೋಣಿಯ ವಾಂತಿ

ನಮ್ಮ ಒಳಕಿವಿಯಲ್ಲಿ ದೇಹದ ಸಮತೋಲನ ಕಾಯುವ ಅಂಗವಿದೆ. ದೋಣಿ ಓಲಾಡುವಾಗ ಅದು 'ಅಲುಗುತ್ತಿದ್ದೇವೆ' ಎನ್ನುತ್ತದೆ. ಕಣ್ಣು ಮೊಬೈಲ್ ನೋಡುತ್ತಿದ್ದರೆ 'ಕುಳಿತಲ್ಲೇ ಇದ್ದೇವೆ' ಎನ್ನುತ್ತದೆ. ಎರಡು ಸುದ್ದಿ ಹೊಂದದೆ ಮೆದುಳು ಗೊಂದಲಕ್ಕೆ ಬಿದ್ದಾಗ ತಲೆಸುತ್ತು, ವಾಂತಿ. ಅದಕ್ಕೇ ದೋಣಿಯಲ್ಲಿ ಮೊಬೈಲ್ ಒಳಗಿಡಿ. ದೋಣಿಯ ನಡುಭಾಗದಲ್ಲಿ ಕುಳಿತುಕೊಳ್ಳಿ. ದೂರದಲ್ಲಿ ಕಡಲು ಮತ್ತು ಆಕಾಶ ಕೂಡುವ ಗೆರೆಯನ್ನು ನೋಡುತ್ತಿರಿ. ಎಂಜಿನ್ನಿನ ಹೊಗೆಯಿಂದ ದೂರವಿರಿ.

ಹಸಿದ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಹೊರಡುವ ಒಂದೂವರೆ, ಎರಡು ತಾಸು ಮೊದಲು ಇಡ್ಲಿ, ಅವಲಕ್ಕಿ, ಬಾಳೆಹಣ್ಣಿನಂಥ ಹಗುರ ತಿಂಡಿ ತಿನ್ನಿ. ಮಿರ್ಚಿ ಭಜಿ, ಹಾಲು, ಎಣ್ಣೆ ಹೆಚ್ಚಿರುವ ಪದಾರ್ಥ ಬೇಡ. ನಮ್ಮ ಕರದಂಟು ಶಕ್ತಿಯ ತಿಂಡಿಯೇ. ಆದರೆ ತುಪ್ಪ, ಒಣಹಣ್ಣು ತುಂಬಿದ ಅದನ್ನು ದಡಕ್ಕೆ ಮರಳಿದ ಮೇಲೆ ತಿನ್ನಿ.

ಯುನಾನಿಯಲ್ಲಿ ಓಕರಿಕೆಗೆ ಶುಂಠಿ, ಅಂದರೆ ಝಂಜಬೀಲ್, ಹಳೆಯ ಮದ್ದು. ಇಂದಿನ ಅಧ್ಯಯನಗಳಲ್ಲೂ ಕೆಲವರಿಗೆ ಅದರಿಂದ ಉಪಯೋಗ ಕಂಡಿದೆ. ದೊಡ್ಡವರು ಅರ್ಧ ಗ್ರಾಂನಷ್ಟು ಒಣಶುಂಠಿಯ ಪುಡಿಯನ್ನು ಜೇನಿನಲ್ಲಿ ಕಲಸಿ ಹೊರಡುವ ಅರ್ಧ ತಾಸು ಮೊದಲು ತೆಗೆದುಕೊಳ್ಳಬಹುದು. ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರು ಕೇಳಿ ತೆಗೆದುಕೊಳ್ಳಲಿ. ವಿನಿಗರ್, ಸಕ್ಕರೆ ಅಥವಾ ಜೇನು, ಪುದೀನ ಸೇರಿಸಿ ಮಾಡುವ ಸಿಕಂಜಬೀನ್‌ನ ಒಂದೆರಡು ಚಮಚವನ್ನು ತಣ್ಣೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿದರೂ ಹಿತವೆನಿಸುತ್ತದೆ. ಮಧುಮೇಹಿಗಳಿಗೂ ಹೊಟ್ಟೆಹುಣ್ಣು ಇರುವವರಿಗೂ ಇದು ಬೇಡ. ವಾಂತಿ ತಡೆಯುವ ಗುಳಿಗೆಗಳೂ ಇವೆ, ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ನಿದ್ದೆ ಬರಿಸುತ್ತವೆ. ಮಂಪರಿನಲ್ಲಿ ನೀರಿಗಿಳಿಯುವುದು ಅಪಾಯ.

ನೀರು ಕುಡಿಯಿರಿ, ಮೂತ್ರ ತಡೆಯಬೇಡಿ

ಕಡಲ ಗಾಳಿ ತಂಪೆನಿಸುವುದರಿಂದ ಬೆವರು ತಿಳಿಯುವುದಿಲ್ಲ, ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. ಪ್ರತಿಯೊಬ್ಬರಿಗೂ ಎರಡು ಲೀಟರ್ ಶುದ್ಧ ನೀರು ಜೊತೆಗಿರಲಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಹಾಕಿ ಕಲಕಿದರೆ ಮನೆಯಲ್ಲೇ ಜೀವಜಲ ಸಿದ್ಧ. ಚಮಚ ಗೋಪುರವಾಗದೆ ಸಮವಾಗಿರಬೇಕು. ಸಮುದ್ರದ ನೀರನ್ನು ಕುಡಿಯಬಾರದು. ಅದರ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದನ್ನು ಹೊರಹಾಕಲು ದೇಹ ಕುಡಿದದ್ದಕ್ಕಿಂತ ಹೆಚ್ಚು ನೀರು ಕಳೆದುಕೊಳ್ಳುತ್ತದೆ.

ಹೆಣ್ಣುಮಕ್ಕಳಿಗೆ ವಿಶೇಷವಾಗಿ ಒಂದು ಮಾತು. ದೋಣಿಯಲ್ಲಿ ಶೌಚಾಲಯ ಇರುವುದಿಲ್ಲವೆಂದು ಬೆಳಿಗ್ಗೆಯಿಂದಲೇ ನೀರು ಬಿಡುತ್ತೀರಿ. ಅದರಿಂದ ತಲೆನೋವು, ಬವಳಿ, ಉರಿಮೂತ್ರ ಬರುತ್ತದೆ. ಕಾಯ್ದಿರಿಸುವಾಗಲೇ ಶೌಚಾಲಯವಿರುವ ದೋಣಿ ಇದೆಯೇ ಎಂದು ಕೇಳಿ, ನಾಚಿಕೆ ಬೇಡ. ಇಲ್ಲದಿದ್ದರೆ ದಡ ಬಿಡುವ ಕೊನೆಯ ಕ್ಷಣದಲ್ಲಿ ಹೋಗಿ ಬನ್ನಿ. ದೋಣಿಯಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಯುತ್ತಿರಿ. ಮರಳಿದ ಕೂಡಲೇ ಮೂತ್ರ ವಿಸರ್ಜಿಸಿ, ಒದ್ದೆ ಬಟ್ಟೆ ಬದಲಿಸಿ. ಸಮುದ್ರದ ನೀರಿನಿಂದ ವುಝೂ ಆಗುತ್ತದೆ ಎಂಬುದು ವಿದ್ವಾಂಸರ ಅಭಿಪ್ರಾಯ. ಆದ್ದರಿಂದ ನಮಾಝಿಗೆಂದು ಕುಡಿಯುವ ನೀರನ್ನು ಖಾಲಿ ಮಾಡಬೇಕಿಲ್ಲ.

ಉಡುಪು, ಮುಖವಾಡ, ಗಡ್ಡಮೀಸೆ

ಬುರ್ಖಾ, ಸೀರೆ, ದುಪಟ್ಟಾ, ಸಡಿಲ ಸಲ್ವಾರ್ ತೊಟ್ಟು ನೀರಿಗಿಳಿಯಬೇಡಿ. ನೆನೆದ ಬಟ್ಟೆ ಭಾರವಾಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಮೈಮುಚ್ಚುವ ಈಜುಡುಪು ಈಗ ಸುಲಭವಾಗಿ ಸಿಗುತ್ತದೆ. ಬೇಗ ಒಣಗುವ ನೈಲಾನ್ ಬಟ್ಟೆ, ತಲೆಗೆ ಅಂಟಿಕೊಂಡಿರುವ ಈಜುಟೋಪಿ, ಮೇಲೆ ಲೈಫ್ ಜಾಕೆಟ್ ಇದ್ದರೆ ಮರ್ಯಾದೆಯೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಹಿಜಾಬಿಗೆ ಪಿನ್ನು ಚುಚ್ಚಬೇಡಿ. ಮುಖವಾಡದ ಪಟ್ಟಿ ಬಟ್ಟೆಯ ಮೇಲೆ ಬರಬಹುದು, ಆದರೆ ಅದರ ರಬ್ಬರ್ ಅಂಚು ಮುಖದ ಚರ್ಮಕ್ಕೇ ತಾಗಬೇಕು. ನಡುವೆ ಬಟ್ಟೆಯ ಎಳೆ ಸಿಕ್ಕಿದರೂ ನೀರು ಒಳನುಗ್ಗುತ್ತದೆ. ಗಂಡಸರಿಗೆ ಗಡ್ಡ ಅಷ್ಟು ತೊಂದರೆ ಕೊಡುವುದಿಲ್ಲ. ಮೂಗಿನ ಕೆಳಗಿನ ಮೀಸೆ ದಪ್ಪವಿದ್ದರೆ ಅಲ್ಲಿಂದ ನೀರು ಬರುತ್ತದೆ. ಮೀಸೆ ಕತ್ತರಿಸಿಕೊಳ್ಳುವ ಸುನ್ನತ್ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಬೋರಲಾಗಿ ತೇಲುವಾಗ ಕುತ್ತಿಗೆಯ ಹಿಂಭಾಗ ಮತ್ತು ಮೀನಖಂಡ ಹೆಚ್ಚು ಸುಡುತ್ತವೆ. ನೀರು ತಣ್ಣಗಿರುವುದರಿಂದ ಸುಡುವುದು ಸಂಜೆಯವರೆಗೂ ತಿಳಿಯದು. ಮೈಮುಚ್ಚುವ ಬಟ್ಟೆಯೇ ಉತ್ತಮ ರಕ್ಷಣೆ. ತೆರೆದ ಭಾಗಕ್ಕೆ ಹಚ್ಚುವ ಸನ್‌ಸ್ಕ್ರೀನನ್ನು ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು.

ನೀರಿನಲ್ಲಿರುವಾಗ

ಮೊದಲು ಸೊಂಟದಷ್ಟು ನೀರಿನಲ್ಲಿ ಕೊಳವೆಯಿಂದ ಬಾಯಲ್ಲಿ ನಿಧಾನವಾಗಿ ಉಸಿರಾಡುವುದನ್ನು ಕಲಿಯಿರಿ. ಬಾವಿಯಲ್ಲಿ, ಹೊಳೆಯಲ್ಲಿ ಈಜಿ ಬೆಳೆದವರೂ ಲೈಫ್ ಜಾಕೆಟ್ ಬಿಚ್ಚಬಾರದು. ಎಂದೂ ಒಬ್ಬರೇ ಹೋಗಬೇಡಿ. ಹವಳದ ಮೇಲೆ ನಿಲ್ಲಬೇಡಿ, ಏನನ್ನೂ ಮುಟ್ಟಬೇಡಿ. ಹವಳಕ್ಕೂ ಜೀವವಿದೆ, ಅದು ಕೊಯ್ದ ಗಾಯ ಬೇಗ ಮಾಯುವುದೂ ಇಲ್ಲ.

ಯುವಕರು 'ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ' ಎಂಬ ಪಂದ್ಯ ಕಟ್ಟುತ್ತಾರೆ. ಇದು ಬೇಡ. ಮುಳುಗುವ ಮೊದಲು ಜೋರಾಗಿ ಹಲವು ಸಲ ಉಸಿರೆಳೆದು ಬಿಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಉಸಿರು ಬೇಕೆಂದು ಎಚ್ಚರಿಸುವುದೇ ಅದು. ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ಮುಗಿದು, ಯಾವ ಸೂಚನೆಯೂ ಇಲ್ಲದೆ ನೀರಿನಲ್ಲೇ ಪ್ರಜ್ಞೆ ತಪ್ಪುತ್ತದೆ.

ಜೆಲ್ಲಿ ಮೀನು ತಾಗಿದರೆ ಕೂಡಲೇ ನೀರಿನಿಂದ ಹೊರಗೆ ಬನ್ನಿ. ಉಜ್ಜಬೇಡಿ, ಮರಳು ಹಚ್ಚಬೇಡಿ. ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಿರಿ. ಸಿಹಿನೀರಿನ ಬದಲು ಸಮುದ್ರದ ನೀರಿನಿಂದಲೇ ತೊಳೆಯಿರಿ. ನಂತರ ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ನೋವು ಇಳಿಯುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಗೋವಾ ಕಡೆ ಹೋಗುವವರಿಗೆ ಇನ್ನೊಂದು ಮಾತು. ಅಲ್ಲಿ ಕೆಲವು ದೋಣಿಗಳಲ್ಲಿ ಹಾಡು, ಕುಣಿತ, ಮದ್ಯ ಎಲ್ಲ ಒಂದೇ ಟಿಕೆಟ್ಟಿನಲ್ಲಿ ಬರುತ್ತವೆ. ಹಣ ಕೊಡುವ ಮೊದಲೇ ಕೇಳಿ ತಿಳಿದುಕೊಳ್ಳಿ. ಮದ್ಯ ಹರಾಮ್ ಎಂಬುದು ನಮಗೆ ಗೊತ್ತು. ವೈದ್ಯನಾಗಿ ಸೇರಿಸುವುದಿಷ್ಟೇ: ಅದು ದೇಹದ ನೀರನ್ನು ಹೊರಹಾಕುತ್ತದೆ, ಅಪಾಯದ ಅರಿವನ್ನು ಮಂಕಾಗಿಸುತ್ತದೆ. ಕುಡಿದವರ ಗುಂಪಿನ ನಡುವೆ ನಿಮ್ಮ ಮಕ್ಕಳು ನೀರಿಗಿಳಿಯುವುದು ಕ್ಷೇಮವಲ್ಲ.

ಮರಳಿದ ಮೇಲಿನ ಆ ಒಂದು ತಾಸು

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ದೋಣಿಯಲ್ಲಿ ಲೈಫ್ ಜಾಕೆಟ್ ಇರುತ್ತದೆ, ಮಾರ್ಗದರ್ಶಕ ಇರುತ್ತಾನೆ, ನಮಗೂ ಭಯವಿರುತ್ತದೆ. ದಡಕ್ಕೆ ಬಂದು ಜಾಕೆಟ್ ಬಿಚ್ಚಿದ ಮೇಲೆ ಭಯ ಹೋಗುತ್ತದೆ. ದೇಹ ದಣಿದಿರುತ್ತದೆ, ದೊಡ್ಡವರು ಚಹಾ ಹುಡುಕುತ್ತಾರೆ, ಮಕ್ಕಳು 'ಸ್ವಲ್ಪ ಆಡಿ ಬರುತ್ತೇವೆ' ಎಂದು ಅಲೆಗೆ ಓಡುತ್ತಾರೆ. ಅಪಾಯ ಅಲ್ಲಿದೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಇದೇ ಕಡಲ ದಡದಲ್ಲಿ ನೀರುಪಾಲಾದರು. ಅವರೂ ನಮ್ಮ ಮಕ್ಕಳಂತೆ ಸಮುದ್ರವಿಲ್ಲದ ಊರಿನಿಂದ ಬಂದವರು.

ದಡಕ್ಕೆ ಬಡಿದ ಅಲೆಯ ನೀರು ಕಿರಿದಾದ ದಾರಿ ಮಾಡಿಕೊಂಡು ರಭಸದಿಂದ ಕಡಲಿಗೆ ಮರಳುತ್ತದೆ. ಅದೇ ಸೆಳೆತ. ಅಲ್ಲಿ ಅಲೆ ಒಡೆಯುವುದು ಕಡಿಮೆ, ಆದ್ದರಿಂದ ಶಾಂತವಾಗಿ ಕಾಣುತ್ತದೆ. ತಿಳಿಯದವರು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ನೇರವಾಗಿ ಈಜಿ ದಣಿಯಬೇಡಿ. ತೇಲುತ್ತಿರಿ, ಕೈಯೆತ್ತಿ ಸಹಾಯ ಕೇಳಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ನಂತರ ದಡದತ್ತ ಬನ್ನಿ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ. ಉಸಿರಿಗೇ ಪರದಾಡುವಾಗ ದನಿ ಎಲ್ಲಿಂದ ಬರಬೇಕು? ಸದ್ದಿಲ್ಲದೆ ಮುಳುಗುತ್ತದೆ. ಆದ್ದರಿಂದ ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ಒಬ್ಬ ಹಿರಿಯರು ಮೊಬೈಲ್ ಇಲ್ಲದೆ, ಹರಟೆ ಇಲ್ಲದೆ ಅವರನ್ನೇ ನೋಡುತ್ತಿರಬೇಕು. ಅರ್ಧ ತಾಸಿಗೊಬ್ಬರಂತೆ ಸರದಿ ಹಾಕಿಕೊಳ್ಳಿ. ಕೆಂಪು ಬಾವುಟ ಇದ್ದಲ್ಲಿ, ಜೀವರಕ್ಷಕರು ಬೇಡವೆಂದಲ್ಲಿ ಪಾದವನ್ನೂ ಒದ್ದೆ ಮಾಡಬೇಡಿ.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಮುಂದೆ ನೋಡದೆ ಹಾರಬೇಡಿ. ಒಬ್ಬರ ಬದಲು ಇಬ್ಬರು ಹೋಗುತ್ತಾರೆ. ಹಗ್ಗ, ಟ್ಯೂಬ್, ಮುಚ್ಚಿದ ಖಾಲಿ ಕ್ಯಾನ್ ಎಸೆಯಿರಿ. ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ. ಹೊರತೆಗೆದವರನ್ನು ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ತಪ್ಪು. ಉಸಿರಿಲ್ಲದಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. 30 ಸಲ ಒತ್ತಿದ ಮೇಲೆ 2 ಉಸಿರು, ಸಹಾಯ ಬರುವವರೆಗೂ. ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಶ್ವಾಸಕೋಶಕ್ಕೆ ಹೋದ ನೀರು ಕೆಲವು ತಾಸುಗಳ ನಂತರವೂ ತೊಂದರೆ ಕೊಡಬಲ್ಲದು. ಇದಕ್ಕೆ ಯುನಾನಿಯಲ್ಲಾಗಲಿ ಮನೆಯಲ್ಲಾಗಲಿ ಬೇರೆ ಮದ್ದಿಲ್ಲ.

ಹೊರಡುವ ಹಿಂದಿನ ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಸೆಳೆತದ ಮಾತನ್ನು ಅವರಿಂದಲೇ ಒಮ್ಮೆ ಹೇಳಿಸಿ. ಚೀಲದಲ್ಲಿ ನೀರು, ಜೀವಜಲದ ಪುಡಿ, ಶುಂಠಿ, ನಿತ್ಯದ ಗುಳಿಗೆ, ಚಿಮಟ, ಒಣ ಬಟ್ಟೆ ಇರಲಿ. ದೋಣಿ ಹತ್ತುವಾಗ ದುಆ ಓದಿ, ಲೈಫ್ ಜಾಕೆಟಿನ ಪಟ್ಟಿಯನ್ನೂ ಬಿಗಿಯಾಗಿ ಕಟ್ಟಿಕೊಳ್ಳಿ. ಅಲ್ಲಾಹನ ಮೇಲೆ ಭರವಸೆ ಇಡುವುದೆಂದರೆ ಕಟ್ಟಬೇಕಾದದ್ದನ್ನು ಕಟ್ಟಿದ ಮೇಲೆ ಇಡುವುದು.